ಮೊನ್ಸಿಞೋರ್ ಹ್ಯೂ ಓಫ್ಲಾಹರ್ಟಿಯವರು

ಮಹನೀಯರ ಚರಿತ್ರೆಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಅವರು ಗೆದ್ದ ಯುದ್ಧಗಳನ್ನೂ, ಆಳಿದ ರಾಜ್ಯಗಳನ್ನೂ, ರಚಿಸಿದ ಗ್ರಂಥಗಳನ್ನೂ ಎಣಿಸುವುದುಂಟು. ಈ ಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಾಯಿತಂದೆಗಳ ಮುಂದೆ ನಾವು ಇಡಲೆಳಸಿರುವ ಚರಿತ್ರೆಯಲ್ಲಿ ಅಂತಹ ಯಾವ ಎಣಿಕೆಯೂ ಇಲ್ಲ. ಇದರ ನಾಯಕರು ಒಬ್ಬ ಕಥೋಲಿಕ ಪಾದ್ರಿಗಳು. ಅವರ ಕೈಯಲ್ಲಿ ಆಯುಧವಿರಲಿಲ್ಲ, ಅವರ ಹಿಂದೆ ಸೈನ್ಯವಿರಲಿಲ್ಲ. ಆಶ್ರಯವನ್ನು ಕೇಳಿ ಬಂದವರಿಗೆ ಅವರು ಆಶ್ರಯವನ್ನು ದೊರಕಿಸಿಕೊಟ್ಟರು. ಆದರೆ ಪರದೇಶಿಯೊಬ್ಬನನ್ನು ಒಂದು ರಾತ್ರಿ ಮನೆಯಲ್ಲಿರಿಸಿಕೊಂಡರೆ ಮನೆಯ ಯಜಮಾನನಿಗೆ ಮರಣದಂಡನೆಯಾಗಬಹುದಾಗಿದ್ದ ಕಾಲದಲ್ಲಿ, ಅಂತಹ ಊರಿನಲ್ಲಿ, ಅವರು ಈ ಕೆಲಸವನ್ನು ಮಾಡಿದರು. ಆದಕಾರಣವೇ ಅವರ ಹೆಸರು ಇಂದಿಗೂ ಉಳಿದಿದೆ.

ಹ್ಯೂ ಓಫ್ಲಾಹರ್ಟಿಯವರು ೧೮೯೮ನೆಯ ಇಸವಿ ಫೆಬ್ರವರಿ ತಿಂಗಳ ೨೮ರಲ್ಲಿ ಐರ್ಲೆಂಡ್ ದೇಶದ ಕಾರ್ಕ್ ಪ್ರಾಂತದಲ್ಲಿ ಜನಿಸಿದರು. ಅವರು ಬೆಳೆದದ್ದು ನೆರೆಯ ಕೆರ್ರಿ ಪ್ರಾಂತದ ಕಿಲಾರ್ನಿ ಎಂಬ ಊರಿನಲ್ಲಿ. ಬೆಟ್ಟಗಳಿಂದಲೂ ಸರೋವರಗಳಿಂದಲೂ ಪ್ರಖ್ಯಾತವಾದ ಆ ಊರಿನಲ್ಲಿ ಅವರ ತಂದೆಯವರು ಗಾಲ್ಫ್ ಆಟದ ಕ್ಲಬ್ಬಿನ ಮೇಲ್ವಿಚಾರಕರಾಗಿದ್ದರು. ಹೀಗಾಗಿ ಬಾಲಕನಾದ ಹ್ಯೂ ಎಳವೆಯಿಂದಲೇ ಗಾಲ್ಫ್ ಆಟವನ್ನು ಕಲಿತು ಅದರಲ್ಲಿ ನಿಪುಣನಾದನು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಶ್ರೀಮಂತರ ಈ ಆಟವು ಮುಂದೆ ಎಷ್ಟೋ ಬಡಪ್ರಾಣಿಗಳನ್ನು ಉಳಿಸುವುದಕ್ಕೆ ನೆರವಾಯಿತು.

ಅವರ ಯೌವನದ ಕಾಲದಲ್ಲಿ ಐರ್ಲೆಂಡ್ ಇಂಗ್ಲೆಂಡಿನ ಆಳಿಕೆಗೊಳಗಾಗಿತ್ತು. ೧೯೧೯ರಿಂದ ೧೯೨೧ರ ವರೆಗೆ ಅಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಟ ನಡೆಯಿತು. ಆಗ ಓಫ್ಲಾಹರ್ಟಿಯವರು ಲಿಮರಿಕ್ ಪಟ್ಟಣದ ಸಮೀಪದಲ್ಲಿ ಯೇಸುಸಭೆಯ ಗುರುಗಳು ನಡಿಸುತ್ತಿದ್ದ ಮಂಗ್ರೆಟ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದರು. ಇಂಗ್ಲಿಷ್ ಸರಕಾರದ ಪಡೆಗಳು ಆ ದೇಶದ ಹಳ್ಳಿಪಟ್ಟಣಗಳಲ್ಲಿ ನಡಿಸಿದ ದಬ್ಬಾಳಿಕೆಯನ್ನು ಅವರು ಕಣ್ಣಾರೆ ಕಂಡವರು. ತಮ್ಮ ಪರಿಚಿತರಲ್ಲಿಯೇ ಕೆಲವರು ಆ ಕಾಲದಲ್ಲಿ ಪ್ರಾಣಕೊಟ್ಟುದನ್ನು ತಿಳಿದವರು. ಇಂಗ್ಲೆಂಡಿನ ವಿಷಯದಲ್ಲಿ ಅವರ ಹೃದಯದಲ್ಲಿ ಕಹಿಯು ಉಳಿದಿದ್ದರೆ ಅದು ಆಶ್ಚರ್ಯವಲ್ಲ. ಕೆಲವು ಅಪೂರ್ವ ಹೃದಯಗಳು ಮಾತ್ರ ಅಂತಹ ಕಹಿಯನ್ನು ನುಂಗಿ ಮುಂದಕ್ಕೆ ನಡೆಯುವವು.

೧೯೨೨ರಲ್ಲಿ ಅವರು ಉನ್ನತ ವ್ಯಾಸಂಗಕ್ಕಾಗಿ ರೋಮ್ ನಗರಕ್ಕೆ ಹೋದರು. ೧೯೨೫ರ ಡಿಸೆಂಬರ್ ತಿಂಗಳಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಬಳಿಕ ಪೋಪರವರ ರಾಯಭಾರದ ಕಾರ್ಯದಲ್ಲಿ ಈಜಿಪ್ಟ್, ಹೈಟಿ, ಸಾಂತೊ ದೊಮಿಂಗೊ, ಚೆಕೊಸ್ಲೊವಾಕಿಯ ಮುಂತಾದ ದೇಶಗಳಲ್ಲಿ ಸೇವೆ ಮಾಡಿದರು. ೧೯೩೪ರಲ್ಲಿ ಅವರಿಗೆ ಮೊನ್ಸಿಞೋರ್ ಎಂಬ ಗೌರವಪದವಿಯು ದೊರೆಯಿತು. ಮುಂದೆ ಅವರು ವ್ಯಾಟಿಕನ್ನಿನ ಪವಿತ್ರ ಕಾರ್ಯಾಲಯದಲ್ಲಿ ನೇಮಕಗೊಂಡು, ಸಂತ ಪೇತ್ರರ ಮಹಾದೇವಾಲಯದ ಮಗ್ಗುಲಲ್ಲಿರುವ ಜರ್ಮನ್ ಕಾಲೇಜಿನ ಒಂದು ಕೋಣೆಯಲ್ಲಿ ವಾಸಿಸುತ್ತಿದ್ದರು. ಆರಡಿಗೂ ಮೀರಿದ ಎತ್ತರ, ದುಂಡು ಕನ್ನಡಕ, ಗಟ್ಟಿಯಾದ ನಗೆ, ಬಾಯ್ತುಂಬ ಕೆರ್ರಿ ಸೀಮೆಯ ಉಚ್ಚಾರ: ಇವುಗಳಿಂದ ರೋಮಿನಲ್ಲಿ ಅವರನ್ನು ಅರಿಯದವರೇ ಇರಲಿಲ್ಲ. ಗಾಲ್ಫ್ ಮೈದಾನದಲ್ಲಿ ಅವರಿಗೆ ಆ ನಗರದ ಸರದಾರರೂ ರಾಯಭಾರಿಗಳೂ ಸ್ನೇಹಿತರಾದರು. ದೊಡ್ಡ ಮನೆಗಳ ಬಾಗಿಲುಗಳೆಲ್ಲ ಅವರಿಗೆ ಪರಿಚಿತವಾದವು.

ಎರಡನೆಯ ಮಹಾಯುದ್ಧವು ನಡೆಯುತ್ತಿರಲು, ೧೯೪೦ರ ಜೂನ್ ತಿಂಗಳಲ್ಲಿ ಇಟಲಿಯು ಜರ್ಮನಿಯ ಪಕ್ಷವನ್ನು ಸೇರಿತು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕಿದ ಸಹಸ್ರಾರು ಸೈನಿಕರು ಇಟಲಿಯ ಸೆರೆಶಿಬಿರಗಳಿಗೆ ತರಲ್ಪಟ್ಟರು. ಅವರಲ್ಲಿ ಇಂಗ್ಲಿಷರು, ದಕ್ಷಿಣ ಆಫ್ರಿಕದವರು, ನ್ಯೂಜಿಲೆಂಡಿನವರು ಮಾತ್ರವಲ್ಲದೆ ನಮ್ಮ ಭಾರತದ ಸಿಪಾಯಿಗಳೂ ಇದ್ದರು. ಆವೆಜ್ಜಾನೊ ಎಂಬಲ್ಲಿಯ ಶಿಬಿರದಲ್ಲಿ ಭಾರತೀಯರೇ ಸೆರೆಯಲ್ಲಿದ್ದರು. ಈ ಶಿಬಿರಗಳನ್ನು ನೋಡಿಬರಲು ಪೋಪರವರು ಕಳುಹಿಸಿದ ಪ್ರತಿನಿಧಿಯ ಸಂಗಡ ಓಫ್ಲಾಹರ್ಟಿಯವರು ದ್ವಿಭಾಷಿಯಾಗಿ ಹೋದರು. ಪ್ರತಿನಿಧಿಗಳು ನಿಧಾನವಾಗಿ ಶಿಬಿರದಿಂದ ಶಿಬಿರಕ್ಕೆ ಹೋಗುತ್ತಿರುವಾಗ, ಇವರು ಸೆರೆಯವರ ಹೆಸರುಗಳನ್ನು ಬರೆದುಕೊಂಡು ರಾತ್ರಿಯ ರೈಲಿನಲ್ಲಿ ರೋಮಿಗೆ ಧಾವಿಸಿ, ವ್ಯಾಟಿಕನ್ ರೇಡಿಯೊ ಮೂಲಕ ಆ ಹೆಸರುಗಳನ್ನು ಲೋಕಕ್ಕೆ ತಿಳಿಯಪಡಿಸುವ ಏರ್ಪಾಡನ್ನು ಮಾಡುತ್ತಿದ್ದರು. ಮಗನು ಸತ್ತನೋ ಬದುಕಿರುವನೋ ಎಂದು ತಿಳಿಯದೆ ಕಣ್ಣೀರಿಡುತ್ತಿದ್ದ ಎಷ್ಟೋ ತಾಯಂದಿರಿಗೆ ಮೊದಲ ಸಮಾಚಾರವು ಹೀಗೆ ಮುಟ್ಟಿತು. ಸೆರೆಯವರ ಪರವಾಗಿ ಅವರು ತೋರಿದ ಈ ಆತುರವು ಇಟಲಿಯ ಅಧಿಕಾರಿಗಳಿಗೆ ಹಿಡಿಸಲಿಲ್ಲ. ೧೯೪೨ರ ಕೊನೆಯಲ್ಲಿ ಅವರು ಆ ಕೆಲಸವನ್ನು ಬಿಡಬೇಕಾಯಿತು. ಆದರೆ ಅವರ ಮುಖವೂ ಹೆಸರೂ ಸೆರೆಯವರ ನೆನಪಿನಲ್ಲಿ ಉಳಿದವು.

೧೯೪೩ರ ಸೆಪ್ಟೆಂಬರ್ ೮ರಂದು ಇಟಲಿಯು ಯುದ್ಧದಿಂದ ಹಿಂದೆಗೆಯಿತೆಂಬ ವಾರ್ತೆಯು ಪ್ರಕಟವಾಯಿತು. ಎರಡು ದಿನಗಳೊಳಗಾಗಿ ಜರ್ಮನ್ ಸೈನ್ಯವು ರೋಮ್ ನಗರವನ್ನು ವಶಪಡಿಸಿಕೊಂಡಿತು. ಆ ಸಮಯದಲ್ಲಿ ಇಟಲಿಯ ಶಿಬಿರಗಳಲ್ಲಿ ಸುಮಾರು ೮೦,೦೦೦ ಸೆರೆಯವರಿದ್ದರು. ಕಾವಲುಗಾರರು ಓಡಿಹೋದ ಶಿಬಿರಗಳಿಂದ ಸಾವಿರಾರು ಮಂದಿ ಹೊರಬಿದ್ದು, ಭಾಷೆಯರಿಯದೆ, ಹರಕು ಬಟ್ಟೆಯಲ್ಲಿ, ಬೆಟ್ಟಗುಡ್ಡಗಳಲ್ಲಿ ಅಲೆಯತೊಡಗಿದರು. ಅವರಲ್ಲಿ ಕೆಲವರು ವ್ಯಾಟಿಕನ್ ಪಟ್ಟಣವು ಯಾವ ಪಕ್ಷಕ್ಕೂ ಸೇರದ ಸ್ವತಂತ್ರ ರಾಜ್ಯವೆಂದು ನೆನೆದು ಸಂತ ಪೇತ್ರರ ಚೌಕದ ಕಡೆಗೆ ನಡೆದರು. ಆ ಚೌಕವು ನಗರಕ್ಕೆ ತೆರೆದಿರುವ ಕಡೆಯಲ್ಲಿ ಜರ್ಮನರು ನೆಲದ ಮೇಲೆ ಒಂದು ಬಿಳಿಯ ಗೆರೆಯನ್ನು ಎಳೆದಿದ್ದರು. ಗೆರೆಯ ಈಚೆಗೆ ಪೋಪರವರ ರಾಜ್ಯ, ಆಚೆಗೆ ಜರ್ಮನರ ಆಳಿಕೆ. ಮಹಾದೇವಾಲಯದ ಮೆಟ್ಟಿಲುಗಳ ಮೇಲೆ ಪ್ರತಿ ಸಾಯಂಕಾಲ ಎತ್ತರದ ಪಾದ್ರಿಯೊಬ್ಬರು ಪ್ರಾರ್ಥನಾ ಪುಸ್ತಕವನ್ನು ಹಿಡಿದು ನಿಂತಿರುತ್ತಿದ್ದರು. ಅಲೆದುಬಂದವರು ಅವರನ್ನು ಕಂಡು ಹತ್ತಿರ ಬರುತ್ತಿದ್ದರು. ಅವರೇ ಓಫ್ಲಾಹರ್ಟಿಯವರು.

ಯುದ್ಧದ ಮೊದಲ ವರ್ಷಗಳಲ್ಲಿ ಅವರು ಯಾವ ಪಕ್ಷದವರ ಮಾತನ್ನೂ ಪೂರ್ಣವಾಗಿ ನಂಬಿದವರಲ್ಲ. ಐರ್ಲೆಂಡಿನಲ್ಲಿ ಕಂಡದ್ದನ್ನು ಮರೆತವರೂ ಅಲ್ಲ. ಅವರ ಮನಸ್ಸನ್ನು ತಿರುಗಿಸಿದುದು ರೋಮಿನ ಯೆಹೂದ್ಯರಿಗೆ ಆದ ಗತಿ. ಕ್ರಿಸ್ತಶಕಕ್ಕೆ ಮುಂಚಿನಿಂದಲೂ ಆ ನಗರದಲ್ಲಿ ಯೆಹೂದ್ಯರು ವಾಸಿಸುತ್ತ ಬಂದಿದ್ದರು. ೧೯೪೩ರ ಸೆಪ್ಟೆಂಬರ್ ೨೬ರಂದು ರೋಮಿನಲ್ಲಿದ್ದ ಜರ್ಮನ್ ರಹಸ್ಯ ಪೊಲೀಸರ ಮುಖ್ಯಸ್ಥನಾದ ಹೆರ್ಬರ್ಟ್ ಕಾಪ್ಲರನು ಅವರ ಹಿರಿಯರನ್ನು ಕರೆಯಿಸಿ, ಮೂವತ್ತಾರು ಗಂಟೆಗಳೊಳಗಾಗಿ ೫೦ ಕಿಲೋಗ್ರಾಂ ಬಂಗಾರವನ್ನು ಒಪ್ಪಿಸಬೇಕೆಂದೂ ಇಲ್ಲವಾದರೆ ಇನ್ನೂರು ಮಂದಿಯನ್ನು ಸಾಗಿಸುವುದಾಗಿಯೂ ಬೆದರಿಸಿದನು. ಸ್ತ್ರೀಯರು ತಮ್ಮ ಉಂಗುರಗಳನ್ನೂ ಸರಗಳನ್ನೂ ಕಳಚಿಕೊಟ್ಟರು. ಕ್ರೈಸ್ತರೂ ಕೆಲವರು ಬಂದು ಕೊಟ್ಟರು. ಬಂಗಾರವು ತುಂಬಿತು, ಮಾತು ಮಾತ್ರ ಉಳಿಯಲಿಲ್ಲ. ಅಕ್ಟೋಬರ್ ೧೬ರ ಬೆಳಗಿನ ಜಾವ ಮಳೆಯಲ್ಲಿ ಜರ್ಮನ್ ಪೊಲೀಸರು ಮನೆಮನೆಗೆ ನುಗ್ಗಿ ೧,೨೫೯ ಮಂದಿಯನ್ನು ಹಿಡಿದರು. ಅವರಲ್ಲಿ ಸಾವಿರಕ್ಕೂ ಮಿಕ್ಕಿದವರನ್ನು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ತಿರುಗಿ ಬಂದವರು ೧೬ ಮಂದಿ ಮಾತ್ರ.

ಇದನ್ನು ಕಂಡ ಮೇಲೆ ಓಫ್ಲಾಹರ್ಟಿಯವರಿಗೆ ಪಕ್ಷಗಳ ವಿಚಾರವು ಬೇಕಾಗಲಿಲ್ಲ. ಯೆಹೂದ್ಯನೊಬ್ಬನು ಒಂದು ಸಾಯಂಕಾಲ ಅವರ ಬಳಿಗೆ ಬಂದು, ಮೈಗೆ ಸುತ್ತಿಕೊಂಡಿದ್ದ ಭಾರವಾದ ಬಂಗಾರದ ಸರಪಣಿಯನ್ನು ಬಿಚ್ಚಿ ಅವರ ಕೈಯಲ್ಲಿಟ್ಟು, ತಾನೂ ತನ್ನ ಹೆಂಡತಿಯೂ ಯಾವ ಗಳಿಗೆಯಲ್ಲಾದರೂ ಹಿಡಿಯಲ್ಪಡಬಹುದಾದ್ದರಿಂದ ಇದರ ಒಂದೊಂದು ಕೊಂಡಿಯನ್ನು ಮಾರಿ ತನ್ನ ಚಿಕ್ಕ ಮಗನನ್ನು ಸಾಕಬೇಕೆಂದು ಬೇಡಿಕೊಂಡನೆಂದು ಹೇಳುತ್ತಾರೆ. ಅವರು ಬಾಲಕನನ್ನು ಬಚ್ಚಿಟ್ಟು, ತಾಯಿತಂದೆಗಳಿಗೂ ಸುಳ್ಳು ಹೆಸರಿನ ಕಾಗದಪತ್ರಗಳನ್ನು ಒದಗಿಸಿದರು. ಯುದ್ಧವು ಕಳೆದ ಮೇಲೆ ಆ ದಂಪತಿಗಳು ಬಂದಾಗ ಮಗನನ್ನೂ ಒಪ್ಪಿಸಿದರು, ಒಂದು ಕೊಂಡಿಯೂ ಕಡಿಮೆಯಾಗದ ಸರಪಣಿಯನ್ನೂ ಒಪ್ಪಿಸಿದರು. ಮಕ್ಕಳನ್ನು ಹೆತ್ತ ನಮ್ಮ ವಾಚಕರಿಗೆ ಇದರ ಮೇಲೆ ವ್ಯಾಖ್ಯಾನವು ಬೇಕಾಗಿಲ್ಲವೆಂದು ನಾವು ನಂಬುತ್ತೇವೆ.

ಮೊದಮೊದಲು ಅವರು ಒಬ್ಬರೇ ಈ ಕೆಲಸವನ್ನು ಮಾಡುತ್ತಿದ್ದರು. ಬಂದವರ ಸಂಖ್ಯೆಯು ಬೆಳೆದಂತೆ ಜೊತೆಗಾರರು ಅವಶ್ಯವಾದರು. ವ್ಯಾಟಿಕನ್ನಿನಲ್ಲಿ ವಾಸಿಸುತ್ತಿದ್ದ ಬ್ರಿಟಿಷ್ ರಾಯಭಾರಿ ಸರ್ ಡಾರ್ಸಿ ಆಸ್ಬೋರ್ನರು ತಮ್ಮ ಪದವಿಯ ಕಾರಣ ಬಹಿರಂಗವಾಗಿ ಸೇರುವಂತಿರಲಿಲ್ಲ. ಆದರೆ ಹಣವನ್ನು ಒದಗಿಸಿದರು, ತಮ್ಮ ಬಟ್ಲರನಾದ ಜಾನ್ ಮೇ ಎಂಬವನನ್ನೂ ಬಿಟ್ಟುಕೊಟ್ಟರು. ಈ ಬಟ್ಲರನು ಪೇಟೆಯಲ್ಲಿ ಎಲ್ಲಿಯೂ ಸಿಕ್ಕದ ವಸ್ತುವನ್ನು ಎಲ್ಲಿಂದಲೋ ತರಬಲ್ಲ ಚತುರ. ಮೂರನೆಯವರು ಸ್ವಿಸ್ ರಾಯಭಾರ ಕಾರ್ಯಾಲಯದಲ್ಲಿದ್ದ ಕೌಂಟ್ ಸಾಲಜಾರ್. ಆ ವರ್ಷದ ನವೆಂಬರಿನಲ್ಲಿ ಮೇಜರ್ ಸ್ಯಾಮ್ ಡೆರ್ರಿ ಎಂಬ ಇಂಗ್ಲಿಷ್ ಸೇನಾಧಿಕಾರಿಯು ಬಂದು ಸೇರಿದನು. ಸೆರೆಯವರನ್ನು ಒಯ್ಯುತ್ತಿದ್ದ ರೈಲಿನಿಂದ ಧುಮುಕಿ ತಪ್ಪಿಸಿಕೊಂಡ ಈತನು ರೈತನೊಬ್ಬನ ಗಾಡಿಯಲ್ಲಿ ಎಲೆಕೋಸುಗಳ ಅಡಿಯಲ್ಲಿ ಅಡಗಿಕೊಂಡು ರೋಮ್ ನಗರವನ್ನು ಹೊಕ್ಕವನು. ಅವನಿಗೆ ವ್ಯಾಟಿಕನ್ ಗ್ರಂಥಾಲಯದ ಐರಿಷ್ ನೌಕರನೆಂಬ ಸುಳ್ಳು ಕಾಗದವನ್ನು ಮಾಡಿಕೊಟ್ಟು, ಲೆಕ್ಕಪತ್ರಗಳ ಭಾರವನ್ನು ವಹಿಸಲಾಯಿತು. ಒಂದು ಕಾಲದಲ್ಲಿ ಇಂಗ್ಲಿಷ್ ಪಡೆಗಳ ಕ್ರೌರ್ಯವನ್ನು ಕಂಡ ಐರಿಷ್ ಪಾದ್ರಿಯೂ ಇಂಗ್ಲಿಷ್ ಮೇಜರನೂ ಜರ್ಮನ್ ಕಾಲೇಜಿನ ಒಂದೇ ಸೂರಿನ ಕೆಳಗೆ ಕುಳಿತು ಪರರ ಪ್ರಾಣವನ್ನು ಕಾಯುವ ಉಪಾಯಗಳನ್ನು ಯೋಚಿಸಿದರು. ದೇವರ ಮನೆಯಲ್ಲಿ ಎಂತೆಂತಹ ಕೂಟಗಳು ಕೂಡುವವೋ ಬಲ್ಲವರಾರು!

ಈ ಗುಪ್ತ ಸೇವೆಯ ಕ್ರಮವು ಹೀಗಿತ್ತು. ಬಂದವನಿಗೆ ಮೊದಲು ಹರಕು ಸಮವಸ್ತ್ರವನ್ನು ತೆಗೆಯಿಸಿ ನಾಗರಿಕರ ಉಡುಪನ್ನು ಕೊಡಬೇಕು. ಬಳಿಕ ಪೊಲೀಸರು ಕೇಳಿದರೆ ತೋರಿಸುವುದಕ್ಕೆ ಗುರುತಿನ ಚೀಟಿ ಬೇಕು. ಅನಂತರ ಆತನನ್ನು ಒಬ್ಬ ಗುರುವೋ, ಹುಡುಗನೋ, ಸ್ತ್ರೀಯೋ ಟ್ರಾಂ ಬಂಡಿಯಲ್ಲಿ ಕರೆದುಕೊಂಡು ಗೊತ್ತಾದ ಮನೆಗೆ ಮುಟ್ಟಿಸಬೇಕು. ಕೆಲವರನ್ನು ಮಠಗಳಲ್ಲಿಯೂ, ಕೆಲವರನ್ನು ಕನ್ಯಾಸ್ತ್ರೀಯರ ಆಶ್ರಮಗಳಲ್ಲಿಯೂ, ಕೆಲವರನ್ನು ನಗರದ ಮನೆಗಳಲ್ಲಿಯೂ, ಉಳಿದವರನ್ನು ಹೊರವಲಯದ ರೈತರ ಹಟ್ಟಿಗಳಲ್ಲಿಯೂ ಇಡುತ್ತಿದ್ದರು. ಊರಿನಲ್ಲಿ ಪಡಿತರದ ಚೀಟಿಯಿಲ್ಲದೆ ರೊಟ್ಟಿ ಸಿಕ್ಕುತ್ತಿರಲಿಲ್ಲ. ಆದ್ದರಿಂದ ಕಾಳಸಂತೆಯ ಧಾನ್ಯಕ್ಕೆ ಹಣವನ್ನು ವಾರವಾರವೂ ಹಂಚಬೇಕಾಗಿತ್ತು. ಇದಕ್ಕೆಲ್ಲ ಲೆಕ್ಕವಿತ್ತು, ರಸೀತಿಗಳಿದ್ದವು. ಜರ್ಮನರ ಕೈಗೆ ಸಿಕ್ಕದಂತೆ ಅವುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ವ್ಯಾಟಿಕನ್ನಿನ ತೋಟದಲ್ಲಿ ಹೂಳುತ್ತಿದ್ದರು. ಎಲ್ಲರಿಗೂ ಗುಪ್ತನಾಮಗಳಿದ್ದವು. ಓಫ್ಲಾಹರ್ಟಿಯವರ ಗುಪ್ತನಾಮವು ಗಾಲ್ಫ್ ಎಂಬುದೇ ಆಗಿತ್ತು.

ಈ ಕಾರ್ಯದಲ್ಲಿ ಸ್ತ್ರೀಯರು ವಹಿಸಿದ ಪಾಲನ್ನು ನಮ್ಮ ಶಾಲೆಯ ಸಂಚಿಕೆಯಲ್ಲಿ ಹೇಳದೆ ಬಿಡುವುದು ಸಲ್ಲದು. ಹೆನ್ರಿಯೆಟ್ಟಾ ಶೆವಾಲಿಯೆ ಎಂಬಾಕೆಯು ಮಾಲ್ಟ ದ್ವೀಪದ ವಿಧವೆ, ಹಲವು ಮಕ್ಕಳ ತಾಯಿ. ನಗರದ ಒಂದು ಮಹಡಿಯ ಮೇಲಿನ ಇಕ್ಕಟ್ಟಾದ ಮನೆಯಲ್ಲಿ, ಸ್ವಂತ ಮಕ್ಕಳ ಹಾಸಿಗೆಗಳ ನಡುವೆಯೇ ಆಕೆಯು ಪರದೇಶದ ಯುವಕರಿಗೂ ಹಾಸಿಗೆಯನ್ನು ಹಾಸಿದಳು. ಒಮ್ಮೆ ಜರ್ಮನರು ಆ ಮನೆಯನ್ನು ಶೋಧಿಸಿ ಏನನ್ನೂ ಕಾಣದೆ ಮರಳಿದರು. ಅದಾದ ಮೇಲೂ ಆಕೆ ಬಾಗಿಲನ್ನು ಮುಚ್ಚಲಿಲ್ಲ. ಕಡೆಗೆ ಮನೆಯ ಮೇಲೆ ಕಾವಲು ಬಿದ್ದಾಗ, ತಾಯಿಯೂ ಮಕ್ಕಳೂ ಒಬ್ಬೊಬ್ಬರಾಗಿ ಹೊರಬಿದ್ದು ಊರ ಹೊರಗಿನ ಹೊಲಮನೆಯೊಂದರಲ್ಲಿ ಅಡಗಿಕೊಂಡರು. ಡೀಲಿಯಾ ಮರ್ಫಿ ಎಂಬಾಕೆಯು ಐರ್ಲೆಂಡಿನ ಪ್ರಸಿದ್ಧ ಜನಪದ ಗಾಯಕಿ, ವ್ಯಾಟಿಕನ್ನಿಗೆ ಬಂದಿದ್ದ ಐರಿಷ್ ರಾಯಭಾರಿಯ ಹೆಂಡತಿ. ತನ್ನ ಗಂಡನ ದೇಶವು ತಟಸ್ಥವಾಗಿದ್ದರೂ ಆಕೆ ತಟಸ್ಥಳಾಗಿರಲಾರದೆ ಹೋದಳು; ಆಕೆಯೂ ಆಕೆಯ ಮಗಳೂ ಈ ಸೇವೆಗೆ ಸಹಾಯ ಮಾಡಿದರು. ರಾಜಮನೆತನದ ನೀನಾ ಪಲ್ಲವಿಚೀನಿ ಎಂಬ ತರುಣ ವಿಧವೆಯ ಅರಮನೆಗೆ ಪೊಲೀಸರು ನುಗ್ಗಿದಾಗ ಆಕೆಯು ಕಿಟಕಿಯಿಂದ ಧುಮುಕಿ ಪಾರಾಗಿ, ಜರ್ಮನ್ ಕಾಲೇಜಿನಲ್ಲಿ ಅಡಗಿ, ಅಲ್ಲಿಯೂ ಸುಮ್ಮನಿರದೆ ಸುಳ್ಳು ಗುರುತಿನ ಚೀಟಿಗಳನ್ನು ಬರೆಯುತ್ತಿದ್ದಳು.

ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ಓಫ್ಲಾಹರ್ಟಿಯವರಿಗೆ ಅಪಾಯವು ಬಂದರೆ ಬಿಳಿಯ ಗೆರೆಯ ಈಚೆಗೆ ಹಿಂದೆಗೆಯುವ ಅವಕಾಶವಿತ್ತು. ಗೆರೆಯ ಆಚೆಗೆ ಮನೆಯುಳ್ಳ ಆ ವಿಧವೆಗಾಗಲಿ, ರೊಟ್ಟಿಯನ್ನು ಹಂಚಿಕೊಟ್ಟ ರೈತನಿಗಾಗಲಿ ಅಂತಹ ಅವಕಾಶವಿರಲಿಲ್ಲ. ಇದನ್ನು ಅವರೂ ಬಲ್ಲವರಾಗಿದ್ದರು. ಆದುದರಿಂದಲೇ ತಮ್ಮ ಸಹಾಯಕರನ್ನು ಮಾತ್ರ ಅಪಾಯಕ್ಕೆ ದೂಡಿ ತಾವು ಗೋಡೆಯ ಹಿಂದೆ ಕುಳಿತಿರದೆ, ಪದೇ ಪದೇ ನಗರದೊಳಗೆ ಹೋಗುತ್ತಿದ್ದರು.

ಕಾಪ್ಲರನಿಗೆ ಈ ಪಾದ್ರಿಗಳ ಕೆಲಸವು ಬೇಗನೆ ತಿಳಿದುಬಂದಿತು. ರಾಜಕುಮಾರ ಫಿಲಿಪ್ಪೊ ದೋರಿಯಾ ಪಾಂಫೀಲಿಯವರು ಈ ಸೇವೆಗೆ ಧಾರಾಳವಾಗಿ ಹಣ ಕೊಡುತ್ತಿದ್ದರು. ಒಂದು ದಿನ ಓಫ್ಲಾಹರ್ಟಿಯವರು ಅವರ ಅರಮನೆಯಲ್ಲಿರುವಾಗ ಜರ್ಮನರು ಬಂದು ಸುತ್ತಲೂ ಮುತ್ತಿಗೆ ಹಾಕಿದರು. ಅದೇ ಸಮಯಕ್ಕೆ ಅರಮನೆಯ ನೆಲಮನೆಗೆ ಚಳಿಗಾಲದ ಕಲ್ಲಿದ್ದಲನ್ನು ಇಳಿಸುತ್ತಿದ್ದರು. ಓಫ್ಲಾಹರ್ಟಿಯವರು ನೆಲಮನೆಗೆ ಇಳಿದು, ನಿಲುವಂಗಿಯನ್ನು ಕಳಚಿ ಚೀಲದಲ್ಲಿ ತುರುಕಿ, ಮುಖಕ್ಕೂ ಮೈಗೂ ಮಸಿಯನ್ನು ಬಳಿದುಕೊಂಡು, ಚೀಲವನ್ನು ಹೆಗಲಿಗೇರಿಸಿ ಇದ್ದಲು ಹೊರುವ ಆಳಿನಂತೆ ಹೊರನಡೆದರು. ಬಟ್ಟೆಗೆ ಮಸಿ ಹತ್ತೀತೆಂದು ಕಾವಲಿನ ಸಿಪಾಯಿಗಳೇ ದಾರಿ ಬಿಟ್ಟರಂತೆ. ಈ ಸಂಗತಿಯಾದ ಬಳಿಕ, ವ್ಯಾಟಿಕನ್ನಿನ ಮೇರೆಯನ್ನು ದಾಟಿ ಹೊರಬಂದರೆ ಹಿಡಿಯಲ್ಪಡುವಿರೆಂದು ಜರ್ಮನ್ ರಾಯಭಾರಿಯೇ ಅವರಿಗೆ ಎಚ್ಚರಿಕೆ ಕೊಟ್ಟನು. ಗೆರೆಯ ಸಮೀಪದಲ್ಲಿ ಅವರನ್ನು ಬಲಾತ್ಕಾರದಿಂದ ಆಚೆಗೆ ಎಳೆದುಕೊಳ್ಳುವ ಒಳಸಂಚೂ ನಡೆಯಿತು. ಅದು ಮುಂಚಿತವಾಗಿಯೇ ತಿಳಿದುದರಿಂದ ವ್ಯರ್ಥವಾಯಿತು. ಅವರು ಮಾತ್ರ ಎಂದಿನಂತೆ ಸಾಯಂಕಾಲ ಮೆಟ್ಟಿಲುಗಳ ಮೇಲೆ ನಿಲ್ಲುವುದನ್ನು ಬಿಡಲಿಲ್ಲ.

೧೯೪೪ರ ವಸಂತಕಾಲವು ರೋಮಿನಲ್ಲಿ ಅತ್ಯಂತ ಭಯಂಕರವಾಗಿತ್ತು. ಮಾರ್ಚ್ ೨೩ರಂದು ರಾಸೆಲ್ಲಾ ಬೀದಿಯಲ್ಲಿ ಇಟಲಿಯ ಗುಪ್ತ ಹೋರಾಟಗಾರರು ಇಟ್ಟ ಬಾಂಬಿನಿಂದ ಜರ್ಮನ್ ಪೊಲೀಸ್ ಪಡೆಯ ೩೩ ಮಂದಿ ಸತ್ತರು. ಒಬ್ಬನಿಗೆ ಹತ್ತು ಮಂದಿಯಂತೆ ಪ್ರಾಣ ತೆಗೆಯಬೇಕೆಂದು ಆಜ್ಞೆಯಾಯಿತು. ಪಟ್ಟಿಯನ್ನು ಸಿದ್ಧಪಡಿಸಿದವನು ಕಾಪ್ಲರನೇ. ಮರುದಿನ ನಗರದ ಹೊರಗಿನ ಆರ್ಡಿಯಾಟೀನ್ ಗವಿಗಳಲ್ಲಿ ೩೩೫ ಮಂದಿಯನ್ನು, ಅಂದರೆ ಆಜ್ಞೆಯಾದುದಕ್ಕಿಂತಲೂ ಐವರನ್ನು ಹೆಚ್ಚಾಗಿ, ಕೈ ಕಟ್ಟಿ ಗುಂಡಿಕ್ಕಿ ಕೊಂದರು. ಅವರಲ್ಲಿ ಸುಮಾರು ೭೫ ಮಂದಿ ಯೆಹೂದ್ಯರು. ನಿರಾಶ್ರಿತರಿಗೆ ಸಹಾಯ ಮಾಡಿ ಸೆರೆಸಿಕ್ಕಿದ್ದ ದೋನ್ ಪಿಯೆತ್ರೊ ಪಾಪ್ಪಗಾಲ್ಲೊ ಎಂಬ ಪಾದ್ರಿಯವರೂ ಅವರಲ್ಲಿದ್ದರು. ಗೆರೆಯ ಆಚೆಗೆ ಸಿಕ್ಕಿದ ಪಾದ್ರಿಗೆ ಏನಾಗಬಹುದೆಂಬುದು ಓಫ್ಲಾಹರ್ಟಿಯವರಿಗೆ ಇದರಿಂದ ಸ್ಪಷ್ಟವಾಗಿ ತಿಳಿಯಿತು. ಆದರೂ ಅವರ ಕೆಲಸವು ನಿಲ್ಲಲಿಲ್ಲ.

೧೯೪೪ರ ಜೂನ್ ೪ರಂದು ಮಿತ್ರರಾಷ್ಟ್ರಗಳ ಸೈನ್ಯವು ರೋಮನ್ನು ಪ್ರವೇಶಿಸಿತು. ಆ ದಿನ ಗುಪ್ತಸೇವೆಯ ಪಟ್ಟಿಯಲ್ಲಿ ೩,೯೨೫ ಮಂದಿ ತಪ್ಪಿಸಿಕೊಂಡವರ ಹೆಸರುಗಳಿದ್ದವು: ಬ್ರಿಟಿಷರು ೧,೬೯೫, ದಕ್ಷಿಣ ಆಫ್ರಿಕದವರು ೮೯೬, ರಷ್ಯದವರು ೪೨೯, ಗ್ರೀಕರು ೪೨೫, ಅಮೆರಿಕದವರು ೧೮೫, ಉಳಿದವರು ಇತರ ಅನೇಕ ದೇಶಗಳವರು. ಯೆಹೂದ್ಯರನ್ನೂ ಇತರ ನಿರಾಶ್ರಿತರನ್ನೂ ಸೇರಿಸಿದರೆ ಉಳಿದ ಪ್ರಾಣಗಳು ೬,೫೦೦ಕ್ಕೂ ಹೆಚ್ಚೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಈ ಪಟ್ಟಿಯಲ್ಲಿ ಕಥೋಲಿಕರಿದ್ದರು, ಕಥೋಲಿಕರಲ್ಲದ ಕ್ರೈಸ್ತರಿದ್ದರು, ದೇವರನ್ನೇ ನಂಬದವರಿದ್ದರು. ಯಾರ ಮತವನ್ನು ಕೇಳಿಯೂ ಅವರು ಅನ್ನವನ್ನು ಬಡಿಸಲಿಲ್ಲ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಸಾಮ್ಯವನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಆ ಸಾಮ್ಯವು ರೋಮಿನಲ್ಲಿ ಸಹಸ್ರಾರು ಸಾರಿ ಮತ್ತೆ ನಡೆಯಿತು.

ಇಲ್ಲಿಗೇ ಈ ಚರಿತ್ರೆಯನ್ನು ಮುಗಿಸಿದ್ದರೆ ಓಫ್ಲಾಹರ್ಟಿಯವರು ಯುದ್ಧದ ಅನೇಕ ವೀರರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಆದರೆ ನಮ್ಮ ಎಣಿಕೆಯಲ್ಲಿ ಅವರ ಜೀವಿತದ ಅತಿ ಕಠಿಣವಾದ ಭಾಗವು ಇನ್ನು ಮೇಲೆ ಬರುವುದು. ಜಯಗಳಿಸಿದವರು ರೋಮಿಗೆ ಬಂದ ಕೂಡಲೇ ಅವರು ಸೋತವರ ಪರವಾಗಿ ಮಾತನಾಡತೊಡಗಿದರು. ಈಗ ಸೆರೆಯಲ್ಲಿದ್ದವರು ಜರ್ಮನರು ಮತ್ತು ಇಟಲಿಯವರು, ಅವರಿಗೂ ತಾಯಂದಿರಿದ್ದರು. ಅವರನ್ನು ಸರಿಯಾಗಿ ನಡಿಸಿಕೊಳ್ಳಬೇಕೆಂದು ಓಫ್ಲಾಹರ್ಟಿಯವರು ಒತ್ತಾಯಪಡಿಸಿದರು. ಇಟಲಿಯ ಸೆರೆಯವರ ಯೋಗಕ್ಷೇಮವನ್ನು ವಿಚಾರಿಸಲು ದಕ್ಷಿಣ ಆಫ್ರಿಕಕ್ಕೂ, ಯೆಹೂದ್ಯ ನಿರಾಶ್ರಿತರನ್ನು ಕಾಣಲು ಯೆರೂಸಲೇಮಿಗೂ ಪ್ರಯಾಣ ಮಾಡಿದರು. ಬ್ರಿಟಿಷ್ ಸರಕಾರವು ಅವರಿಗೆ ಸಿ. ಬಿ. ಇ. ಎಂಬ ಬಿರುದನ್ನೂ ಅಮೆರಿಕವು ಸ್ವಾತಂತ್ರ್ಯ ಪದಕವನ್ನೂ ಕೊಟ್ಟವು. ಅವುಗಳಿಂದ ಅವರ ಜೀವನಕ್ರಮದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಮತ್ತೆ ತಮ್ಮ ಮೊದಲಿನ ಕೆಲಸಕ್ಕೇ ಮರಳಿದರು.

ಕಾಪ್ಲರನು ೧೯೪೮ರಲ್ಲಿ ಇಟಲಿಯ ಸೈನಿಕ ನ್ಯಾಯಾಲಯದಿಂದ ಯಾವಜ್ಜೀವ ಸೆರೆಯ ಶಿಕ್ಷೆಯನ್ನು ಹೊಂದಿ ಗಾಯೆತಾ ಎಂಬ ಕಡಲತೀರದ ಕೋಟೆಯಲ್ಲಿ ಇರಿಸಲ್ಪಟ್ಟನು. ಅವನನ್ನು ಕಾಣಲು ಬರುವವರು ಬಹು ವಿರಳ. ತಿಂಗಳಿಗೊಮ್ಮೆ ಮಾತ್ರ ಒಬ್ಬ ಅತಿಥಿಯು ಕೋಟೆಯ ಬಾಗಿಲಿಗೆ ತಪ್ಪದೆ ಬರುತ್ತಿದ್ದರು. ಅವರು ಯಾರೆಂಬುದನ್ನು ವಾಚಕರು ಊಹಿಸಿರಬಹುದು. ತಮ್ಮನ್ನು ಹಿಡಿಯಲೆಳಸಿದ ವೈರಿಯ ಎದುರಿಗೆ ಓಫ್ಲಾಹರ್ಟಿಯವರು ವರ್ಷಗಟ್ಟಲೆ ಹೀಗೆ ಹೋಗಿ ಕುಳಿತು ಮಾತನಾಡಿ ಬಂದರು. ೧೯೫೯ರಲ್ಲಿ ಕಾಪ್ಲರನು ಅವರ ಕೈಯಿಂದಲೇ ಜ್ಞಾನಸ್ನಾನವನ್ನು ಪಡೆದು ಕಥೋಲಿಕ ಸಭೆಗೆ ಸೇರಿದನು.

ಇದು ಸರಿಯೇ ಎಂದು ಕೇಳುವವರುಂಟು, ಮತ್ತು ಅವರು ಕೇಳುವುದು ತಪ್ಪೆಂದು ನಾವು ಹೇಳಲಾರೆವು. ಆರ್ಡಿಯಾಟೀನ್ ಗವಿಗಳಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡ ಸ್ತ್ರೀಯು ಈ ಭೇಟಿಗಳ ಸುದ್ದಿಯನ್ನು ಕೇಳಿ ಏನೆಂದುಕೊಂಡಿದ್ದಾಳು? ಆಕೆಯ ಪರವಾಗಿ ಕ್ಷಮಿಸುವ ಅಧಿಕಾರವು ಮತ್ತೊಬ್ಬರಿಗಿಲ್ಲ. ಓಫ್ಲಾಹರ್ಟಿಯವರು ಸೆರೆಮನೆಯ ಬಾಗಿಲನ್ನು ತೆರೆಯಬೇಕೆಂದಾಗಲಿ ನ್ಯಾಯಾಲಯದ ತೀರ್ಪು ತಪ್ಪೆಂದಾಗಲಿ ಸಾರಲು ಹೋದವರಲ್ಲ. ಅಪರಾಧಿಯು ತನ್ನ ಶಿಕ್ಷೆಯನ್ನು ಅನುಭವಿಸುತ್ತಲೇ ಇದ್ದನು. ಅವರು ಕೊಟ್ಟದ್ದು ತಮಗೆ ಸೇರಿದ್ದನ್ನು ಮಾತ್ರ: ತಮ್ಮ ಸಮಯ, ತಮ್ಮ ಮಾತು, ತಮ್ಮ ಸ್ವಂತ ವೈರದ ಮರೆವು. ನ್ಯಾಯವೂ ಕರುಣೆಯೂ ಒಂದನ್ನೊಂದು ತಳ್ಳದೆ ಒಂದೇ ಕೋಟೆಯೊಳಗೆ ಹೀಗೆ ಇರಬಲ್ಲವೆಂದು ನಮಗೆ ಅವರ ನಡತೆಯಿಂದ ತೋರುತ್ತದೆ. ಮುಂದೆ ೧೯೭೭ರಲ್ಲಿ ಕಾಪ್ಲರನು ರೋಮಿನ ಸೈನಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಜರ್ಮನಿಗೆ ಓಡಿಹೋಗಿ ಮರುವರ್ಷ ತೀರಿಹೋದನು. ಅದನ್ನು ನೋಡುವುದಕ್ಕೆ ಓಫ್ಲಾಹರ್ಟಿಯವರು ಆಗ ಬದುಕಿರಲಿಲ್ಲ. ಬಿತ್ತಿದವನಿಗೆ ಬೆಳೆಯನ್ನು ಕಾಣುವ ಭಾಗ್ಯವು ಯಾವಾಗಲೂ ದೊರೆಯುವುದಿಲ್ಲ. ಬೆಳೆಯು ಹೇಗಿದ್ದರೂ ಬಿತ್ತನೆಯು ಸುಳ್ಳಾಗುವುದಿಲ್ಲ.

೧೯೬೦ರಲ್ಲಿ ಬಲಿಪೂಜೆಯನ್ನು ಅರ್ಪಿಸುತ್ತಿರುವಾಗಲೇ ಅವರಿಗೆ ಪಾರ್ಶ್ವವಾಯುವಿನ ಹೊಡೆತ ಬಿದ್ದಿತು. ರೋಮನ್ನು ಬಿಟ್ಟು ಅವರು ಕೆರ್ರಿ ಪ್ರಾಂತದ ಕಾಹರ್‌ಸಿವೀನ್ ಎಂಬ ಊರಿನಲ್ಲಿದ್ದ ತಮ್ಮ ಸೋದರಿಯ ಮನೆಗೆ ಬಂದರು. ಸಾವಿರಾರು ಮಂದಿಗೆ ಮನೆಗಳನ್ನು ಹುಡುಕಿಕೊಟ್ಟವರು ಕಡೆಗಾಲದಲ್ಲಿ ಒಡಹುಟ್ಟಿದವಳ ಮನೆಯ ಆಶ್ರಯದಲ್ಲಿ ಶಾಂತರಾಗಿ ದಿನಗಳನ್ನು ಕಳೆದು, ೧೯೬೩ರ ಅಕ್ಟೋಬರ್ ೩೦ರಂದು ತಮ್ಮ ೬೫ನೆಯ ವಯಸ್ಸಿನಲ್ಲಿ ದೇವರ ಪಾದವನ್ನು ಸೇರಿದರು. ಅವರ ಸಮಾಧಿಯು ಆ ಊರಿನ ದೇವಾಲಯದ ಆವರಣದಲ್ಲಿದೆ. ೧೯೮೩ರಲ್ಲಿ ಅವರ ಕಥೆಯು ಚಲಚ್ಚಿತ್ರವಾಗಿ ಅನೇಕ ದೇಶಗಳಲ್ಲಿ ಪ್ರದರ್ಶಿತವಾಯಿತು. ೨೦೧೩ರಲ್ಲಿ ಅವರು ಬಾಲ್ಯವನ್ನು ಕಳೆದ ಕಿಲಾರ್ನಿಯಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಿದರು.

ಪ್ರಿಯ ವಾಚಕರೇ, ನಮ್ಮಲ್ಲಿ ಬಹುಮಂದಿಗೆ ರೋಮಿನ ಚೌಕವನ್ನು ನೋಡುವ ಅವಕಾಶವು ಬರಲಾರದು. ಆದರೆ ನೆಲದ ಮೇಲೆ ಬಿಳಿಯ ಗೆರೆಯನ್ನು ಎಳೆಯುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಗೆರೆಯ ಈಚೆಗಿನವರು ನಮ್ಮವರು, ಆಚೆಗಿನವರು ಪರರು ಎಂದು ನಮಗೂ ಚಿಕ್ಕಂದಿನಿಂದ ಹೇಳಿಕೊಡುವವರಿರುತ್ತಾರೆ. ಈ ಶಾಲೆಯ ಒಂದೇ ಬೆಂಚಿನ ಮೇಲೆ ಬೇರೆ ಬೇರೆ ಮತಗಳ, ಬೇರೆ ಬೇರೆ ಮನೆತನಗಳ ಬಾಲಿಕೆಯರು ಕುಳಿತು ಬುತ್ತಿಯನ್ನು ಹಂಚಿಕೊಂಡು ಉಂಡ ದಿನಗಳನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಆ ಬೆಂಚಿನ ಪಾಠವನ್ನು ಮನೆಯ ಹೊಸ್ತಿಲಿಗೂ ಒಯ್ಯುವುದು ಈಗ ನಮ್ಮ ಪಾಲಿನ ಕೆಲಸ. ಮಾಲ್ಟದ ಆ ವಿಧವೆಯು ಯಾವ ದೊಡ್ಡ ಪದವಿಯಲ್ಲಿಯೂ ಇದ್ದವಳಲ್ಲ. ಹಾಸಿಗೆಯನ್ನು ಹಾಸಿ, ರೊಟ್ಟಿಯನ್ನು ಹಂಚಿ, ಮಕ್ಕಳಿಗೆ ಬಾಯಿ ಬಿಡದಿರಲು ಕಲಿಸಿದಳು. ಮೆಟ್ಟಿಲುಗಳ ಮೇಲೆ ನಿಂತಿದ್ದ ಪಾದ್ರಿಗಳನ್ನು ನೆನೆಯುವಾಗ, ಅವರು ಕಳುಹಿಸಿದವರಿಗೆ ಒಳಗಿನಿಂದ ಕದವನ್ನು ತೆರೆದ ಆ ಕೈಗಳನ್ನೂ ನಾವು ನೆನೆಯೋಣ.